ಕೋಳಿಮರಿಯ ಕಾಲಿಗೆ ಪೆಟ್ಟಾದರೆ: ಪಟ್ಟಿ ಕಟ್ಟುವ ಮೊದಲು ಏನು, ಕಟ್ಟಿದ ಮೇಲೆ ಏನು

ಮರಿ ಕುಂಟುತ್ತಿದೆ ಅಂತ ಗೊತ್ತಾದ ತಕ್ಷಣ ಹೆಚ್ಚಿನವರು ಪಟ್ಟಿ ಹುಡುಕುತ್ತಾರೆ. ಕೆಲಸ ಕೆಡುವುದು ಅಲ್ಲೇ. ಪಕ್ಕಕ್ಕೆ ಜಾರಿ ಅಗಲವಾದ ಕಾಲಿಗೆ ಕಟ್ಟುವ ಪಟ್ಟಿಯನ್ನು ಮುರಿದ ಕಾಲಿಗೆ ಕಟ್ಟಿದರೆ ಮುರಿತ ಜಾಸ್ತಿಯಾಗುತ್ತದೆ. ವಿಟಮಿನ್ ಕೊರತೆಯಿಂದ ಬೆರಳು ಮಡಚಿಕೊಂಡ ಮರಿಗೆ ಬರೀ ಪಟ್ಟಿ ಕಟ್ಟಿ ಕೂತರೆ ವಾರವಾದರೂ ಅದು ನಿಲ್ಲುವುದಿಲ್ಲ. ಕಟ್ಟುವುದು ಈ ಕೆಲಸದ ನಾಲ್ಕನೇ ಹಂತ. ಮೊದಲ ಮೂರನ್ನು ದಾಟಿ ಅಲ್ಲಿಗೆ ಹಾರಬೇಡಿ.

ಇಲ್ಲಿ ಹೇಳುವುದು ಮೊಟ್ಟೆಯಿಂದ ಹೊರಬಂದ ದಿನದಿಂದ ಸುಮಾರು ಆರು ವಾರದವರೆಗಿನ ಮರಿಗಳ ಬಗ್ಗೆ. ಮೊದಲ ಮೂರು ದಿನ ಬಹಳ ಮುಖ್ಯ. ಆಗ ಮೂಳೆ, ಗಿಣ್ಣು ಎಲ್ಲ ಮೆತ್ತಗಿರುತ್ತವೆ, ಹೇಳಿದಂತೆ ಕೇಳುತ್ತವೆ. ವಾರ ಕಳೆದ ಮೇಲೆ ಅದೇ ತೊಂದರೆ ಸರಿಪಡಿಸುವುದು ತುಂಬಾ ಕಷ್ಟ.

## ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ಮರಿಯನ್ನು ಕೈಯಲ್ಲಿ ಹಿಡಿದುಕೊಂಡು ಕತ್ತರಿ ಹುಡುಕುವ ಸ್ಥಿತಿ ಬರಬಾರದು. ಇವಿಷ್ಟು ಮೇಜಿನ ಮೇಲಿರಲಿ:

- ತನಗೆ ತಾನೇ ಅಂಟುವ ಕ್ರೇಪ್ ಪಟ್ಟಿ, ಇಲ್ಲವಾದರೆ ಗಾಯಕ್ಕೆ ಹಾಕುವ ಸಾಮಾನ್ಯ ಬ್ಯಾಂಡ್ ಏಡ್
- ಕಾಗದದಂತೆ ತೆಳ್ಳಗಿರುವ ಮೆಡಿಕಲ್ ಟೇಪ್
- ತುದಿ ಮೊಂಡಾಗಿರುವ ಸಣ್ಣ ಕತ್ತರಿ, ಚಿಮಟ
- ಹತ್ತಿ, ಮೆತ್ತನೆಯ ಬಟ್ಟೆ, ತೆಳು ರಟ್ಟು
- ಉಪ್ಪುನೀರು (ಸಲೈನ್), ಗಾಯ ತೊಳೆಯುವ ಪೊವಿಡೋನ್ ಅಯೋಡಿನ್
- ಕೋಳಿಗಳಿಗೆಂದೇ ಸಿಗುವ ವಿಟಮಿನ್ ಪುಡಿ ಅಥವಾ ದ್ರಾವಣ, ಅದರಲ್ಲಿ ಬಿ ಕಾಂಪ್ಲೆಕ್ಸ್ ಇರಬೇಕು
- ಒಂದು ಸಣ್ಣ ಪೆಟ್ಟಿಗೆ, ಥರ್ಮಾಮೀಟರ್, ಕಾವು ಕೊಡುವ ದೀಪ

ಇನ್ಸುಲೇಷನ್ ಟೇಪ್, ಪಾರ್ಸೆಲ್ ಟೇಪ್, ರಬ್ಬರ್ ಬ್ಯಾಂಡ್, ದಾರ ಯಾವುದೂ ಬೇಡ. ಮೊದಲೆರಡು ಚರ್ಮವನ್ನೇ ಕಿತ್ತುಕೊಂಡು ಬರುತ್ತವೆ. ಕೊನೆಯ ಎರಡು ರಕ್ತ ಹರಿಯದಂತೆ ಬಿಗಿಯುತ್ತವೆ.

## ಹಂತ 1: ಬೇರೆ ಮಾಡಿ, ಬೆಚ್ಚಗಿಡಿ

ಕುಂಟುವ ಮರಿಯನ್ನು ಉಳಿದವು ತುಳಿಯುತ್ತವೆ, ಕುಕ್ಕುತ್ತವೆ. ರಕ್ತ ಕಂಡರಂತೂ ಬಿಡುವುದೇ ಇಲ್ಲ. ಹಾಗಾಗಿ ಮೊದಲು ಬೇರೆ ಪೆಟ್ಟಿಗೆ. ಆದರೆ ಒಂಟಿ ಮರಿ ಕೂಗಿ ಕೂಗಿಯೇ ಸೋತುಹೋಗುತ್ತದೆ. ಪೆಟ್ಟಿಗೆಯನ್ನು ಉಳಿದ ಮರಿಗಳ ಪಕ್ಕದಲ್ಲೇ ಇಡಿ, ಅಥವಾ ಗುಂಪಿನಲ್ಲಿ ಶಾಂತವಾಗಿರುವ ಒಂದು ಮರಿಯನ್ನು ಜೊತೆಗೆ ಬಿಡಿ.

ಮೊದಲ ವಾರದ ಮರಿಗೆ ನೆಲದ ಮಟ್ಟದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತಾ ಹೋಗಬಹುದು. ಇಲ್ಲಿ ಒಂದು ಎಚ್ಚರಿಕೆ: ನಡೆಯಲಾಗದ ಮರಿ ಸೆಕೆಯಾದರೂ ದೀಪದಿಂದ ದೂರ ಹೋಗಲಾರದು. ದೀಪ ಪೆಟ್ಟಿಗೆಯ ಒಂದು ಮೂಲೆಗಿರಲಿ. ಮರಿ ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದರೆ ಕಾವು ಹೆಚ್ಚಾಗಿದೆ ಎಂದರ್ಥ.

ನೆಲಕ್ಕೆ ಹಿಡಿತ ಇರಬೇಕು. ನ್ಯೂಸ್‌ಪೇಪರ್, ನುಣುಪಾದ ಪ್ಲಾಸ್ಟಿಕ್, ಬರೀ ರಟ್ಟು ಹಾಸಿದ ಪೆಟ್ಟಿಗೆಯಲ್ಲಿ ನೀವು ಎಷ್ಟು ಚೆನ್ನಾಗಿ ಪಟ್ಟಿ ಕಟ್ಟಿದರೂ ಕಾಲು ಮತ್ತೆ ಜಾರುತ್ತದೆ. ಕಪಾಟಿಗೆ ಹಾಸುವ ಒರಟು ರಬ್ಬರ್ ಹಾಸು ಅತ್ಯುತ್ತಮ. ಹತ್ತಿ ಬಟ್ಟೆಯೂ ಆದೀತು. ಆದರೆ ಸ್ನಾನದ ಟವೆಲ್ ಬೇಡ, ಅದರ ನೂಲಿನ ಕುಣಿಕೆಗಳಿಗೆ ಮರಿಯ ಉಗುರು ಸಿಕ್ಕಿಕೊಳ್ಳುತ್ತದೆ.

ಹೀಗೆ ಮಾಡಿ ಅರ್ಧ ಗಂಟೆ ಸುಮ್ನೆ ಬಿಡಿ. ಚಳಿಗೆ ಸೆಟೆದ ಮರಿಯೂ ಕಾಲು ಕೆಟ್ಟ ಮರಿಯಂತೆಯೇ ಕಾಣುತ್ತದೆ. ಕೆಲವು ಮರಿಗಳು ಕಾವಿಗೆ ಬಂದ ಮೇಲೆ ತಾವಾಗಿಯೇ ಎದ್ದು ಓಡಾಡುತ್ತವೆ.

ರಕ್ತ ಸೋರುತ್ತಿದ್ದರೆ ಮಾತ್ರ ಕಾಯಬೇಡಿ. ಸ್ವಚ್ಛ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಪುಟ್ಟ ಮರಿಯ ಮೈಯಲ್ಲಿರುವ ರಕ್ತವೇ ಸ್ವಲ್ಪ, ಕೆಲವೇ ಹನಿ ಹೋದರೂ ಅದಕ್ಕೆ ದೊಡ್ಡ ನಷ್ಟ.

## ಹಂತ 2: ಮುಟ್ಟುವ ಮೊದಲು ನೋಡಿ

ಮರಿಯನ್ನು ಹಿಡಿತ ಇರುವ ನೆಲದ ಮೇಲೆ ಬಿಟ್ಟು ಎರಡು ನಿಮಿಷ ಗಮನಿಸಿ. ಒಂದು ಕಾಲೋ ಎರಡೋ? ಕಾಲು ಹೊರಕ್ಕೆ ಜಾರುತ್ತಿದೆಯೋ, ತಿರುಚಿದೆಯೋ, ನೇತಾಡುತ್ತಿದೆಯೋ? ಪಾದ ಊರುತ್ತಿದೆಯೋ, ಗಿಣ್ಣಿನ ಮೇಲೆ ಕೂತು ತೆವಳುತ್ತಿದೆಯೋ?

ಆಮೇಲೆ ಕೈಗೆತ್ತಿಕೊಳ್ಳಿ. ಅಂಗೈಯಲ್ಲಿ ಹೊಟ್ಟೆ ಮೇಲಾಗಿ ಮಲಗಿಸಿ, ಬೆರಳುಗಳನ್ನು ಸಡಿಲವಾಗಿ ಸುತ್ತಿ. ಕೋಳಿಗೆ ನಮ್ಮ ಹಾಗೆ ವಪೆ ಇಲ್ಲ. ಎದೆಗೂಡು ಏರಿಳಿದರೆ ಮಾತ್ರ ಅದಕ್ಕೆ ಉಸಿರು. ಎದೆಯನ್ನು ಬಿಗಿಯಾಗಿ ಹಿಡಿದರೆ, ಮೈಗೆ ಬಟ್ಟೆ ಬಿಗಿದು ಸುತ್ತಿದರೆ ಉಸಿರು ಕಟ್ಟುತ್ತದೆ. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಮೇಲ್ಮುಖವಾಗಿ ಮಲಗಿಸಬೇಡಿ.

ಇನ್ನು ಎರಡೂ ಕಾಲನ್ನು ಒಟ್ಟಿಗೆ ನೋಡಿ. ಒಳ್ಳೆಯ ಕಾಲೇ ನಿಮ್ಮ ಅಳತೆಗೋಲು. ತೊಡೆಯಿಂದ ಶುರುಮಾಡಿ ಬೆರಳ ತುದಿಯವರೆಗೆ, ಈ ಕಾಲನ್ನೊಮ್ಮೆ ಆ ಕಾಲನ್ನೊಮ್ಮೆ ಮುಟ್ಟುತ್ತಾ ಬನ್ನಿ. ಊತ, ಬಿಸಿ, ಬಣ್ಣ, ಸೊಟ್ಟ, ಮುಟ್ಟಿದಾಗ ಚೀರುವ ಜಾಗ, ಎಲ್ಲ ಗುರುತಿಸಿ. ಕಾಲಿನ ನಡುವೆ ಹಿಂದಕ್ಕೆ ಚಾಚಿದಂತೆ ಕಾಣುವ ಗಿಣ್ಣನ್ನು ಹಲವರು ಮೊಣಕಾಲು ಅಂದುಕೊಳ್ಳುತ್ತಾರೆ. ಅದು ನಿಜಕ್ಕೂ ಹಿಮ್ಮಡಿಯ ಗಿಣ್ಣು. ಮೊಣಕಾಲು ಮೇಲೆ, ತುಪ್ಪಳದೊಳಗೆ ಅಡಗಿದೆ. ಈ ಹಿಮ್ಮಡಿಯ ಗಿಣ್ಣಿನ ಹಿಂಬದಿಯಲ್ಲಿ ಬೆರಳಾಡಿಸಿದರೆ ಮಧ್ಯದಲ್ಲಿ ಹುರಿಯಂಥ ಒಂದು ಗೀರು ಸಿಗುತ್ತದೆ. ಅದು ಎರಡೂ ಕಡೆ ಇದೆಯೇ ಅಂತ ಕಡ್ಡಾಯವಾಗಿ ನೋಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೊನೆಗೆ ಬೆರಳು. ನನ್ನ ಒಂದು ನಾಲ್ಕು ದಿನದ ಮರಿ ಎಡಗಾಲು ಎತ್ತಿಕೊಂಡೇ ನಿಲ್ಲುತ್ತಿತ್ತು. ಉಳುಕಿದೆ ಅಂದುಕೊಂಡು ಒಂದು ಇಡೀ ದಿನ ಪೆಟ್ಟಿಗೆಯಲ್ಲಿ ವಿಶ್ರಾಂತಿಗೆ ಬಿಟ್ಟೆ. ಮರುದಿನ ಬೆಳಿಗ್ಗೆ ದೀಪದ ಕೆಳಗೆ ಹಿಡಿದು ನೋಡಿದರೆ ನಡುಬೆರಳ ಬುಡದಲ್ಲಿ ಒಂದು ಸಣ್ಣ ತಗ್ಗು. ಆ ತಗ್ಗಿನಿಂದ ಆಚೆ ಬೆರಳು ನೇರಳೆ ಬಣ್ಣಕ್ಕೆ ತಿರುಗಿ ದ್ರಾಕ್ಷಿಯಂತೆ ಉಬ್ಬಿತ್ತು. ಒಂದೇ ಒಂದು ತಲೆಗೂದಲು ಮೂರು ಸುತ್ತು ಸುತ್ತಿಕೊಂಡಿತ್ತು. ಚಿಮಟದಲ್ಲಿ ಎತ್ತಿ, ಕತ್ತರಿಯ ತುದಿ ತೂರಿಸಿ ಕತ್ತರಿಸಿದೆ. ಸಂಜೆ ಹೊತ್ತಿಗೆ ಊತ ಇಳಿಯಿತು. ಇನ್ನೊಂದು ದಿನ ತಡವಾಗಿದ್ದರೆ ಬೆರಳೇ ಉದುರುತ್ತಿತ್ತೋ ಏನೋ. ಅಂದಿನಿಂದ ಪ್ರತಿ ಬೆರಳ ಬುಡವನ್ನೂ ಬೆಳಕಿನಲ್ಲಿ ಬಿಡಿಸಿ ನೋಡದೆ ನಾನು ಯಾವ ಮರಿಯನ್ನೂ ಕೆಳಗಿಡುವುದಿಲ್ಲ.

## ಹಂತ 3: ಯಾವ ತೊಂದರೆ ಅಂತ ತೀರ್ಮಾನಿಸಿ

ಕಾಲು ಅಗಲವಾಗಿದೆ. ಒಂದು ಅಥವಾ ಎರಡೂ ಕಾಲು ಪಕ್ಕಕ್ಕೆ ಜಾರುತ್ತವೆ, ಎದೆ ನೆಲಕ್ಕೆ ತಾಗುತ್ತದೆ. ಮುಟ್ಟಿದರೆ ನೋವಿಲ್ಲ, ಊತವಿಲ್ಲ, ಕೈಯಲ್ಲಿ ಹಿಡಿದು ಹೊಟ್ಟೆಯಡಿಗೆ ತಂದರೆ ಕಾಲು ಸಲೀಸಾಗಿ ಬರುತ್ತದೆ. ಮೊದಲ ದಿನಗಳಲ್ಲಿ ಹೆಚ್ಚು ಕಾಣುವುದು ಇದೇ. ಜಾರುವ ನೆಲ, ಕಾವುಪೆಟ್ಟಿಗೆಯ ನುಣುಪು ತಳ, ಮೊಟ್ಟೆಯೊಡೆದು ಬರುವಾಗ ಪಟ್ಟ ಕಷ್ಟ ಇದಕ್ಕೆ ಸಾಮಾನ್ಯ ಕಾರಣಗಳು.

ಬೆರಳು ಮಡಚಿವೆ. ಕಾಲು ಸರಿ, ಪಾದ ಮುಷ್ಟಿಯಂತೆ ಮುದುಡಿದೆ. ಹುಟ್ಟಿದ ದಿನವೇ ಕಂಡರೆ ಮೊಟ್ಟೆಯೊಳಗಿನ ಭಂಗಿಯೂ ಕಾರಣ ಇರಬಹುದು. ಒಂದೆರಡು ವಾರದ ಮರಿಯಲ್ಲಿ ಬೆರಳು ಒಳಕ್ಕೆ ಮಡಚಿ, ಗಿಣ್ಣಿನ ಮೇಲೆ ಕೂತು ನಡೆಯತೊಡಗಿದರೆ ಬಿ2 ವಿಟಮಿನ್ ಕೊರತೆ ಎಂದು ಅನುಮಾನಿಸಿ.

ಸ್ನಾಯುರಜ್ಜು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ) ಜಾರಿದೆ. ಹಿಮ್ಮಡಿಯ ಗಿಣ್ಣು ಊದಿದೆ, ಹಿಂಬದಿ ಚಪ್ಪಟೆಯಾಗಿದೆ, ಹುರಿಯಂಥ ಗೀರು ಪಕ್ಕಕ್ಕೆ ಸರಿದಿದೆ. ಕಾಲು ಹೊರಕ್ಕೋ ಒಳಕ್ಕೋ ತಿರುಚಿಕೊಂಡಿದೆ. ಇದನ್ನು ಅಗಲವಾದ ಕಾಲು ಎಂದು ತಪ್ಪು ತಿಳಿಯುವವರೇ ಜಾಸ್ತಿ. ಮ್ಯಾಂಗನೀಸ್, ಕೋಲಿನ್ ಎಂಬ ಪೋಷಕಾಂಶಗಳ ಕೊರತೆಯಿಂದ ಬರುತ್ತದೆ, ಪೆಟ್ಟಿನಿಂದಲೂ ಆಗುತ್ತದೆ.

ಮೂಳೆ ಮುರಿದಿದೆ. ಬಿದ್ದ, ತುಳಿದ, ಬಾಗಿಲಿಗೆ ಸಿಕ್ಕ ಹಿನ್ನೆಲೆ ಇರುತ್ತದೆ. ಗಿಣ್ಣಿಲ್ಲದ ಜಾಗದಲ್ಲಿ ಕಾಲು ಬಾಗುತ್ತದೆ, ನೇತಾಡುತ್ತದೆ, ಮುಟ್ಟಿದರೆ ಚೀರುತ್ತದೆ.

ಉಳುಕು. ಕುಂಟುತ್ತದೆ, ಸ್ವಲ್ಪ ಊತವಿರಬಹುದು, ಆದರೆ ಕಾಲು ನೇರವಾಗಿದೆ, ಗೀರು ಸ್ವಸ್ಥಾನದಲ್ಲಿದೆ, ಸ್ವಲ್ಪವಾದರೂ ಭಾರ ಹಾಕುತ್ತದೆ. ಇದಕ್ಕೆ ಪಟ್ಟಿಯೇ ಬೇಡ. ಎರಡು ಮೂರು ದಿನ ಸಣ್ಣ ಜಾಗದಲ್ಲಿ ವಿಶ್ರಾಂತಿ ಸಾಕು.

## ಹಂತ 4: ಆಯಾ ತೊಂದರೆಗೆ ಆಯಾ ಕಟ್ಟು

### ಅಗಲವಾದ ಕಾಲಿಗೆ

ಕ್ರೇಪ್ ಪಟ್ಟಿಯಾದರೆ 10ರಿಂದ 12 ಸೆಂಟಿಮೀಟರ್ ಉದ್ದ, ಅರ್ಧದಿಂದ ಒಂದು ಸೆಂಟಿಮೀಟರ್ ಅಗಲಕ್ಕೆ ಕತ್ತರಿಸಿ. ಬ್ಯಾಂಡ್ ಏಡ್ ಆದರೆ ಉದ್ದಕ್ಕೆ ಎರಡು ಸೀಳು ಮಾಡಿ. ಅದರ ನಡುವಿನ ಮೆತ್ತೆ ಎರಡು ಕಾಲುಗಳ ಮಧ್ಯೆ ಬರುತ್ತದೆ, ಅಂಟುವ ತುದಿಗಳು ಕಾಲಿಗೆ ಸುತ್ತುತ್ತವೆ.

ಒಬ್ಬರು ಮರಿ ಹಿಡಿಯಲಿ, ಇನ್ನೊಬ್ಬರು ಕಟ್ಟಲಿ. ಹಿಮ್ಮಡಿಯ ಗಿಣ್ಣಿನ ಕೆಳಗೆ, ಪಾದದ ಮೇಲೆ ಇರುವ ತೆಳ್ಳನೆಯ ಕಾಲಿಗೇ ಪಟ್ಟಿ ಹಾಕಬೇಕು. ಗಿಣ್ಣಿನ ಮೇಲೆ ಕೂಡದು. ಒಂದು ಕಾಲಿಗೆ ಒಂದು ಸುತ್ತು, ನಡುವೆ ಅಂತರ, ಇನ್ನೊಂದು ಕಾಲಿಗೆ ಒಂದು ಸುತ್ತು, ತುದಿಯನ್ನು ನಡುವಿನ ಭಾಗಕ್ಕೆ ಅಂಟಿಸಿ. ಎರಡು ಬಳೆಗಳನ್ನು ಒಂದು ಪಟ್ಟಿಯಿಂದ ಜೋಡಿಸಿದಂತೆ ಕಾಣಬೇಕು. ಪಟ್ಟಿಯನ್ನು ಎಳೆದು ಸುತ್ತಬೇಡಿ, ಇಟ್ಟು ಸುತ್ತಿ.

ಅಂತರ ಎಷ್ಟು? ಎಲ್ಲರೂ ತಪ್ಪುವುದು ಇಲ್ಲೇ. ಮಧ್ಯಮ ಗಾತ್ರದ ಹೊಸ ಮರಿಗೆ ಸುಮಾರು 2.5 ಸೆಂಟಿಮೀಟರ್, ಚಿಕ್ಕ ಜಾತಿಗೆ ಇನ್ನೂ ಕಡಿಮೆ. ಅದಕ್ಕಿಂತ ನಂಬಿಕಸ್ತ ಅಳತೆ ಬೇರೆ ಇದೆ: ಅದೇ ವಯಸ್ಸಿನ ಆರೋಗ್ಯವಂತ ಮರಿ ನಿಂತಾಗ ಅದರ ಕಾಲುಗಳ ನಡುವೆ ಎಷ್ಟು ಜಾಗ ಇದೆ ನೋಡಿ, ಅಷ್ಟೇ ಇಡಿ. ತೀರಾ ಹತ್ತಿರ ಕಟ್ಟಿದರೆ ಮರಿ ಮುಗ್ಗರಿಸುತ್ತದೆ, ತೊಡೆಯ ಗಿಣ್ಣಿಗೂ ಭಾರ ಬೀಳುತ್ತದೆ. ಕಾಲು ತುಂಬಾ ಅಗಲವಾಗಿದ್ದರೆ ಒಂದೇ ಸಲಕ್ಕೆ ಎಳೆದು ತರಬೇಡಿ. ಮೊದಲ ದಿನ ಸ್ವಲ್ಪ ಅಗಲವಾಗಿಯೇ ಕಟ್ಟಿ, ಮರುದಿನ ಬದಲಿಸುವಾಗ ಹತ್ತಿರ ತನ್ನಿ.

ಕಟ್ಟಿ ಕೆಳಗೆ ಬಿಟ್ಟ ಕೂಡಲೇ ಮರಿ ಬೀಳುತ್ತದೆ, ಹಿಂದಕ್ಕೆ ಒರಗುತ್ತದೆ, ಗಲಾಟೆ ಮಾಡುತ್ತದೆ. ಗಾಬರಿಯಾಗಿ ಬಿಚ್ಚಬೇಡಿ. ಹತ್ತು ಹದಿನೈದು ನಿಮಿಷ ಪಕ್ಕದಲ್ಲೇ ಕೂತು, ಬಿದ್ದಾಗ ಎತ್ತಿ ನಿಲ್ಲಿಸಿ. ಅಂಗಾತ ಬಿದ್ದರೆ ಅದಕ್ಕೆ ತಾನಾಗಿ ಏಳಲಾಗದು. ಆಮೇಲೆ ದಿನಕ್ಕೆ ನಾಲ್ಕೈದು ಸಲ, ಐದೈದು ನಿಮಿಷ, ಮೈಯನ್ನು ಎರಡೂ ಕೈಯಿಂದ ಆಧರಿಸಿ ಪಾದ ಚಪ್ಪಟೆಯಾಗಿ ಊರುವಂತೆ ನಿಲ್ಲಿಸಿ. ನಡುವೆ ಒಳಗೆ ಬಟ್ಟೆ ಹಾಸಿದ ಒಂದು ಕಪ್ಪಿನಲ್ಲಿ, ಕಾಲು ಹೊಟ್ಟೆಯಡಿ ಬರುವಂತೆ 20 ನಿಮಿಷ ಕೂರಿಸಿದರೂ ಒಳ್ಳೆಯದು.

ಪಟ್ಟಿಯನ್ನು ಪ್ರತಿ 24 ಗಂಟೆಗೊಮ್ಮೆ ಬಿಚ್ಚಿ ಹೊಸದು ಹಾಕಿ. ಮರಿಯ ಕಾಲು ದಿನದಿಂದ ದಿನಕ್ಕೆ ದಪ್ಪವಾಗುತ್ತದೆ. ಸೋಮವಾರ ಸಡಿಲವಾಗಿದ್ದ ಪಟ್ಟಿ ಗುರುವಾರ ಕೊರೆಯುತ್ತದೆ. ಅಂಟು ಬಿಡದಿದ್ದರೆ ಒಂದು ಹನಿ ಅಡುಗೆ ಎಣ್ಣೆ ಹಚ್ಚಿ ಎರಡು ನಿಮಿಷ ಕಾಯಿರಿ, ಎಳೆಯಬೇಡಿ. ಬಿಚ್ಚಿದಾಗ ಐದು ನಿಮಿಷ ನಡಿಗೆ ನೋಡಿ. ನೆಟ್ಟಗೆ ನಿಂತರೆ ಒಂದು ಗಂಟೆ ಹಾಗೇ ಬಿಟ್ಟು ಗಮನಿಸಿ. ಮತ್ತೆ ಜಾರಿದರೆ ಮತ್ತೆ ಕಟ್ಟಿ. ಬೇಗ ಹಿಡಿದರೆ ಮೂರರಿಂದ ಐದು ದಿನದಲ್ಲಿ ಹೆಚ್ಚಿನ ಮರಿಗಳು ಸರಿಹೋಗುತ್ತವೆ. ನಿಂತಿತಲ್ಲ ಅಂತ ಮೊದಲ ಸಂಜೆಯೇ ಬಿಚ್ಚಿಟ್ಟರೆ ರಾತ್ರಿ ಕಳೆಯುವಷ್ಟರಲ್ಲಿ ಮೊದಲಿನಂತಾಗಿರುತ್ತದೆ.

### ಮಡಚಿದ ಬೆರಳಿಗೆ

ರಟ್ಟಿನಲ್ಲಿ ಮರಿಯ ಪಾದಕ್ಕಿಂತ ತುಸು ದೊಡ್ಡ ತುಂಡು ಕತ್ತರಿಸಿ. ಅದೇ ಅದರ ಚಪ್ಪಲಿ. ಬೆರಳುಗಳನ್ನು ಸಹಜವಾಗಿ ಹರಡಿ ರಟ್ಟಿನ ಮೇಲಿಟ್ಟು ಮೇಲಿಂದ ಮೆಡಿಕಲ್ ಟೇಪ್ ಹಾಕಿ. ಬೆರಳ ಸಂದಿಯಲ್ಲಿ ಟೇಪನ್ನು ಸ್ವಲ್ಪ ಒತ್ತಿ. ಒಂದರಿಂದ ಮೂರು ದಿನ ಸಾಕು, ದಿನಕ್ಕೊಮ್ಮೆ ತೆಗೆದು ನೋಡಬೇಕು.

ಜೊತೆಗೆ ಬಿ ಕಾಂಪ್ಲೆಕ್ಸ್ ಕೊಡಿ, ಪೊಟ್ಟಣದ ಮೇಲೆ ಬರೆದ ಅಳತೆಯಲ್ಲೇ. ಬಿ2 ಬೆಳಕಿಗೆ ಹಾಳಾಗುತ್ತದೆ, ಹಾಗಾಗಿ ವಿಟಮಿನ್ ನೀರನ್ನು ದಿನವೂ ಹೊಸದಾಗಿ ಮಾಡಿ, ಬಿಸಿಲು ತಾಗದಂತೆ ಇಡಿ. ಎಲ್ಲ ವಿಟಮಿನ್ ಬೆರೆಸಿದ ದ್ರಾವಣವನ್ನು ಬೇಗ ಗುಣವಾಗಲಿ ಅಂತ ದುಪ್ಪಟ್ಟು ಹಾಕಬೇಡಿ. ಎ ಮತ್ತು ಡಿ3 ಹೆಚ್ಚಾದರೆ ವಿಷವಾಗುತ್ತದೆ. ಮರಿಗಳಿಗೆ ರಕ್ತಭೇದಿಗೆಂದು ಆಂಪ್ರೋಲಿಯಂ ಕೊಡುತ್ತಿದ್ದರೆ ಪಶುವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಬಿ1 ವಿಟಮಿನ್ ಆ ಔಷಧದ ಕೆಲಸವನ್ನು ಕುಂದಿಸುತ್ತದೆ.

### ಸ್ನಾಯುರಜ್ಜು ಜಾರಿದ್ದರೆ

ಗಂಟೆಗಳ ಲೆಕ್ಕದಲ್ಲಿ ಪಶುವೈದ್ಯರ ಬಳಿ ಹೋಗಲಾದರೆ ಅದೇ ಸರಿ. ಆಗದಿದ್ದರೆ ಒಂದು ಸಲ ಮಾತ್ರ ಪ್ರಯತ್ನಿಸಿ: ಕಾಲನ್ನು ನಿಧಾನವಾಗಿ ನೇರ ಮಾಡಿ. ಆಗ ಸ್ನಾಯುರಜ್ಜು ಸಡಿಲವಾಗುತ್ತದೆ. ಹೆಬ್ಬೆರಳಿನಿಂದ ಅದನ್ನು ಗಿಣ್ಣಿನ ಹಿಂಬದಿಯ ನಡುವಿಗೆ ಮೆಲ್ಲಗೆ ಉರುಳಿಸಿ, ಆಮೇಲೆ ಕಾಲನ್ನು ಕೂರುವ ಭಂಗಿಗೆ ಮಡಚಿ. ಸರಿದು ಕೂತಾಗ ಬೆರಳಿಗೇ ಗೊತ್ತಾಗುತ್ತದೆ. ಮತ್ತೆ ಮತ್ತೆ ಜಾರಿದರೆ ಒತ್ತಾಡಬೇಡಿ. ಹಲವು ದಿನ ಹಳೆಯದಾಗಿದ್ದರೆ ಮನೆಯಲ್ಲಿ ಕೂರುವುದಿಲ್ಲ.

### ಮುರಿದಿದ್ದರೆ

ಗಿಣ್ಣಿನ ಕೆಳಗಿನ ತೆಳ್ಳನೆಯ ಕಾಲು, ಚರ್ಮ ಹರಿದಿಲ್ಲ ಅಂದರೆ ಮಾತ್ರ ಮನೆಯಲ್ಲಿ ದಬ್ಬೆ ಕಟ್ಟಬಹುದು. ತೆಳುವಾಗಿ ಹತ್ತಿ ಸುತ್ತಿ, ಉದ್ದಕ್ಕೆ ಸೀಳಿದ ಸ್ಟ್ರಾ ತುಂಡನ್ನು ಎರಡೂ ಬದಿಗೆ ಇಟ್ಟು, ಕ್ರೇಪ್ ಪಟ್ಟಿ ಸುತ್ತಿ. ಮುರಿತದ ಮೇಲಿನ ಮತ್ತು ಕೆಳಗಿನ ಗಿಣ್ಣು ಅಲುಗಬಾರದು. ಕಾಲು ಸಹಜ ಬಾಗಿನಲ್ಲೇ ಇರಲಿ, ಕೋಲಿನಂತೆ ನೆಟ್ಟಗೆ ಮಾಡಬೇಡಿ. ಹಕ್ಕಿಯ ಮೂಳೆ ಬೇಗ ಕೂಡುತ್ತದೆ, ಸಾಮಾನ್ಯವಾಗಿ 2ರಿಂದ 3 ವಾರ. ಬೆಳೆಯುವ ಮರಿಯಾದ್ದರಿಂದ ಎರಡು ಮೂರು ದಿನಕ್ಕೊಮ್ಮೆ ಪಟ್ಟಿ ಬದಲಿಸಲೇಬೇಕು.

ತೊಡೆಯ ಮೂಳೆ ಮುರಿದಿದ್ದರೆ, ಮೂಳೆ ಹೊರಬಂದಿದ್ದರೆ ಮನೆಯಲ್ಲಿ ಕೈ ಹಾಕಬೇಡಿ. ಸ್ವಚ್ಛ ಬಟ್ಟೆ ಮುಚ್ಚಿ, ಅಲುಗಾಡದಂತೆ ಪೆಟ್ಟಿಗೆಯಲ್ಲಿಟ್ಟು ವೈದ್ಯರಲ್ಲಿಗೆ ಒಯ್ಯಿರಿ.

## ಹಂತ 5: ನೀರು, ಮೇವು, ಹಿಕ್ಕೆ

ಕಾಲಿಗೆ ಚೆನ್ನಾಗಿ ಕಟ್ಟಿಯೂ ಮರಿ ಸತ್ತರೆ ಬಹಳ ಸಲ ಕಾರಣ ನೀರು ಸಿಗದಿರುವುದೇ. ಬಟ್ಟಲು ಮರಿಯ ಎದೆಯ ಹತ್ತಿರವೇ ಇರಲಿ. ಆಳವಿಲ್ಲದ ಮುಚ್ಚಳದಲ್ಲಿ ನೀರು ಹಾಕಿ, ಒಳಗೆ ಸಣ್ಣ ಕಲ್ಲುಗಳನ್ನಿಡಿ. ಎರಡು ಗಂಟೆಗೊಮ್ಮೆ ಮರಿಯನ್ನು ಎತ್ತಿ ಕೊಕ್ಕಿನ ತುದಿ ನೀರಿಗೆ ತಾಗಿಸಿ. ಬಾಯಿಗೆ ನೀರು ಸುರಿಯಬೇಡಿ, ಉಸಿರಿನ ನಾಳಕ್ಕೆ ಹೋಗುತ್ತದೆ. ಕೊಕ್ಕಿನ ಪಕ್ಕಕ್ಕೆ ಒಂದು ಹನಿ ಇಟ್ಟರೆ ತಾನೇ ನುಂಗುತ್ತದೆ.

ಮೇವು ಮರಿಗಳ ಸ್ಟಾರ್ಟರ್ ಮೇವೇ ಆಗಿರಲಿ, ನೀರಿನಲ್ಲಿ ಸ್ವಲ್ಪ ನೆನೆಸಿದರೆ ತಿನ್ನಲು ಸುಲಭ. ಮೂಳೆ ಗಟ್ಟಿಯಾಗಲಿ ಅಂತ ಮೊಟ್ಟೆಕೋಳಿಯ ಮೇವು ಹಾಕುವವರಿದ್ದಾರೆ. ಅದರಲ್ಲಿರುವ ಹೆಚ್ಚು ಕ್ಯಾಲ್ಸಿಯಂ ಮರಿಯ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಮೊಟ್ಟೆಯೊಡೆದು ಬಂದ ಮೊದಲ ದಿನ ತಿನ್ನದಿದ್ದರೆ ಆತಂಕ ಬೇಡ. ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿ ಒಂದೆರಡು ದಿನ ಅದನ್ನು ಸಾಕುತ್ತದೆ.

ಕೂತೇ ಇರುವ ಮರಿಯ ಹಿಂಬದಿಗೆ ಹಿಕ್ಕೆ ಅಂಟಿ ದಾರಿ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಸಂಜೆ ನೋಡಿ, ಬೆಚ್ಚನೆ ನೀರಿನಲ್ಲಿ ನೆನೆಸಿ ಒರೆಸಿ, ಒಣಗಿಸಿ. ಒಣಗಿದ್ದನ್ನು ಕೀಳಬೇಡಿ. ಪ್ರತಿ ಸಲ ಮರಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ, ಮಕ್ಕಳು ಮರಿಗೆ ಮುತ್ತು ಕೊಡದಂತೆ ನೋಡಿಕೊಳ್ಳಿ. ಆರೋಗ್ಯವಾಗಿ ಕಾಣುವ ಮರಿಯಲ್ಲೂ ಮನುಷ್ಯರ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ನೋವಿಗೆಂದು ಮನೆಯಲ್ಲಿರುವ ಮಾತ್ರೆ ಪುಡಿಮಾಡಿ ಕೊಡಬೇಡಿ. ಹರಳಿನಷ್ಟು ಪುಡಿಯೂ ಈ ಮೈಗೆ ಅಳತೆ ಮೀರಬಹುದು. ಮರಗಟ್ಟಿಸುವ ಔಷಧ ಬೆರೆತ ಮುಲಾಮು, ಸ್ಪ್ರೇಗಳೂ ಹಾಗೇ.

## ಹಂತ 6: ಈ ಲಕ್ಷಣ ಕಂಡರೆ ತಕ್ಷಣ ಬಿಚ್ಚಿ ಅಥವಾ ವೈದ್ಯರನ್ನು ಕಾಣಿ

ಪಟ್ಟಿಯ ಕೆಳಗೆ ಪಾದ ತಣ್ಣಗಿದೆ, ಉಬ್ಬಿದೆ, ನೀಲಿಗಟ್ಟಿದೆ ಅಂದರೆ ಆ ಕ್ಷಣವೇ ಕತ್ತರಿಸಿ ತೆಗೆಯಿರಿ. ಮೊದಲ ದಿನ ಎರಡು ಗಂಟೆಗೊಮ್ಮೆ ಪಾದ ಮುಟ್ಟಿ ನೋಡುವುದು ಇದಕ್ಕೇ. ಪೆಟ್ಟಾದ ಎರಡು ಮೂರು ದಿನಕ್ಕೆ ಚರ್ಮ ಹಸಿರಾದರೆ ಮಾತ್ರ ಹೆದರಬೇಕಿಲ್ಲ. ಹಕ್ಕಿಗಳಲ್ಲಿ ಕಂದಿದ ಜಾಗ ಹಾಗೇ ಹಸಿರಾಗುತ್ತದೆ. ಕಪ್ಪಾಗಿ, ತಣ್ಣಗಾಗಿ, ವಾಸನೆ ಬಂದರೆ ಅದು ಬೇರೆ, ಅಲ್ಲಿ ಅಂಗ ಸಾಯುತ್ತಿದೆ.

ಮರಿಯ ಕೂಗನ್ನೂ ಕೇಳಿಸಿಕೊಳ್ಳಿ. ಬೆಚ್ಚಗಿದ್ದು, ಜೊತೆಗಾರ ಇದ್ದು, ಮೇವು ನೀರು ಸಿಕ್ಕರೂ ಜೋರಾಗಿ ಒಂದೇ ಸಮನೆ ಕೂಗುತ್ತಿದ್ದರೆ ನೋವಿದೆ. ಕೂಗುತ್ತಿದ್ದದ್ದು ಇದ್ದಕ್ಕಿದ್ದಂತೆ ಸುಮ್ಮನಾಗಿ ಕಣ್ಣು ಮುಚ್ಚಿ ಕೂತರೆ ಇನ್ನೂ ಕೆಟ್ಟದ್ದು.

ಇನ್ನು ಕೆಲವು ಪೆಟ್ಟೇ ಅಲ್ಲ. ಒಂದೇ ವಾರದಲ್ಲಿ ಮೂರು ನಾಲ್ಕು ಮರಿ ಕುಂಟಿದರೆ ಮೇವು, ನೆಲ ಅಥವಾ ರೋಗ ನೋಡಿ. ಕೊಕ್ಕು ರಬ್ಬರಿನಂತೆ ಬಾಗುತ್ತಿದ್ದರೆ ಡಿ3, ಕ್ಯಾಲ್ಸಿಯಂ, ರಂಜಕದ ಕೊರತೆ. ತಲೆ ಕತ್ತು ನಡುಗುತ್ತಿದ್ದರೆ ಮಿದುಳಿನ ಸೋಂಕು ಇರಬಹುದು. ಗಿಣ್ಣುಗಳು ಬಿಸಿಯಾಗಿ ಊದಿದರೆ ಗಿಣ್ಣಿನ ಸೋಂಕು. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬೀಳುವುದು ಮರೆಕ್ಸ್ ಎಂಬ ವೈರಸ್ ರೋಗದ ಗುರುತು. ಇದಕ್ಕೆ ಮದ್ದಿಲ್ಲ, ಹುಟ್ಟಿದ ದಿನ ಹಾಕಿಸುವ ಲಸಿಕೆಯೇ ರಕ್ಷಣೆ. ಇಂಥ ಮರಿಯನ್ನು ಗುಂಪಿಗೆ ಮರಳಿಸಬೇಡಿ.

ಒಂದು ವಾರ ಸರಿಯಾಗಿ ನೋಡಿಕೊಂಡರೂ ಕಾಲಿಗೆ ಸ್ವಲ್ಪವೂ ಭಾರ ಹಾಕುತ್ತಿಲ್ಲ, ತಾನಾಗಿ ತಿನ್ನುತ್ತಿಲ್ಲ, ನೋವು ಕಡಿಮೆಯಾಗಿಲ್ಲ ಅಂದರೆ ವೈದ್ಯರ ಜೊತೆ ಮನಬಿಚ್ಚಿ ಮಾತಾಡಿ. ನೋವಿಲ್ಲದೆ ಅದರ ಬದುಕು ಮುಗಿಸುವುದೂ ಆರೈಕೆಯ ಭಾಗವೇ. ಬರೆಯುವಾಗಲೂ ಇದು ಕಷ್ಟವಾಗುತ್ತದೆ, ಆದರೆ ಹೇಳದೆ ಬಿಡಲಾರೆ.

## ಹಂತ 7: ಗುಂಪಿಗೆ ಮರಳಿಸುವುದು

ಪಟ್ಟಿಯಿಲ್ಲದೆ ಪೂರ್ತಿ ಒಂದು ದಿನ ನೆಟ್ಟಗೆ ನಡೆದ ಮೇಲೆಯೇ ಮರಳಿಸಿ. ಮೊದಲು ದೊಡ್ಡ ಪೆಟ್ಟಿಗೆಯ ನೆಲ ಬದಲಿಸಿ. ಜಾರುವ ನೆಲದಿಂದ ಬಂದ ಮರಿಯನ್ನು ಅದೇ ನೆಲಕ್ಕೆ ಬಿಟ್ಟರೆ ಮಾಡಿದ್ದೆಲ್ಲ ನೀರುಪಾಲು. ಜೊತೆಗಿದ್ದ ಮರಿಯನ್ನೂ ಒಟ್ಟಿಗೇ ಬಿಡಿ, ಸಂಜೆ ಬೆಳಕು ಮಂದವಾದಾಗ. ಕಾಲಿನ ಮೇಲೆ ಗಾಯದ ಕೆಂಪು ಉಳಿದಿದ್ದರೆ ಇನ್ನೊಂದು ದಿನ ತಡೆಯಿರಿ, ಉಳಿದವು ಅಲ್ಲಿಗೇ ಕುಕ್ಕುತ್ತವೆ. ಹತ್ತು ನಿಮಿಷ ಅಲ್ಲೇ ನಿಂತು ನೋಡಿ. ಮರುದಿನ ಬೆಳಿಗ್ಗೆ ಮತ್ತೊಮ್ಮೆ ಕೈಗೆತ್ತಿಕೊಂಡು ಎರಡೂ ಗಿಣ್ಣಿನ ಹಿಂಬದಿ, ಪ್ರತಿ ಬೆರಳ ಬುಡ ಮುಟ್ಟಿ ನೋಡಿ ಕೆಳಗೆ ಬಿಡಿ.